ಸೊಟ್ಟಪಾದಕ್ಕೆ ಪ್ಲಾಸ್ಟರ್, ಆಮೇಲೆ ಬಾರ್ ಶೂ: ಕಲಬುರಗಿಯಲ್ಲಿ ನಮ್ಮ 16 ತಿಂಗಳು

ನನ್ನ ಮಗ ಹುಟ್ಟಿದಾಗ ಎರಡೂ ಪಾದ ಒಳಗೆ ತಿರುಗಿದ್ದವು. ಅಂಗಾಲುಗಳು ಒಂದನ್ನೊಂದು ನೋಡುವ ಹಾಗೆ. ಹಿಮ್ಮಡಿ ಮೇಲಕ್ಕೆ ಎಳೆದುಕೊಂಡಿತ್ತು. ಈಗ ಅವನಿಗೆ 16 ತಿಂಗಳು, ಸೇಡಂನ ನಮ್ಮ ಮನೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಪಾದ ಪೂರ್ತಿ ಊರಿ ಪಟಪಟ ಅಂತ ಓಡಾಡುತ್ತಾನೆ. ಇದೇ ಚಿಂತೆಯಲ್ಲಿರುವ ತಾಯಂದಿರು ಓದಲಿ ಅಂತ ಬರೀತಿದ್ದೇನೆ.

ಮೊದಲು ನಾವು ಹತ್ತು ದಿನ ಸುಮ್ನೆ ಕಳೆದೆವು. ಹೆರಿಗೆಯಾದ ಕಡೆ "ವರ್ಷ ತುಂಬಲಿ, ಆಮೇಲೆ ಆಪರೇಷನ್ ಮಾಡಿಸಿ" ಅಂದರು. ಮನೆಯಲ್ಲಿ ಎಣ್ಣೆ ತಿಕ್ಕು ಅಂದರು. ಅತ್ತೆ ಒಂದು ದಿನ "ಗ್ರಹಣದಾಗ ಹೊರಗ ಹೋಗಿದ್ದಿ ಏನ್?" ಅಂತ ಕೇಳಿದಾಗ ನನಗೆ ಅಳು ತಡೆಯಲಿಲ್ಲ. ಬಾಣಂತಿ ಮನೆಗೆ ಬಂದ ಆಶಾ ಕಾರ್ಯಕರ್ತೆ ಕೂಸಿನ ಕಾಲು ಹಿಡಿದು ನೋಡಿ "ಕಾಯಬ್ಯಾಡವ್ವಾ, ಎಲುಬು ಮೆತ್ತಗ ಇದ್ದಾಗೇ ತೋರಿಸು" ಅಂದಳು. ಅವಳೇ ಕಲಬುರಗಿಯ ಆಸ್ಪತ್ರೆಗೆ ಚೀಟಿ ಬರೆಸಿಕೊಟ್ಟಳು. ಸೋಲಾಪುರಕ್ಕೋ ಹೈದರಾಬಾದಿಗೋ ಹೋಗಲೇಬೇಕು ಅಂತ ನಾವು ಸಾಲಕ್ಕೆ ಓಡಾಡುತ್ತಿದ್ದೆವು, ಅದೂ ತಪ್ಪಿತು. ಮಕ್ಕಳ ಆರೋಗ್ಯ ತಪಾಸಣೆಗೆ ಸರ್ಕಾರ 2013ರಲ್ಲಿ ಶುರು ಮಾಡಿದ ಆರ್‌ಬಿಎಸ್‌ಕೆ ಯೋಜನೆಯಲ್ಲಿ ಸೊಟ್ಟಪಾದವೂ ಸೇರಿದೆ. ನಮಗೆ ಪ್ಲಾಸ್ಟರಿಗೂ ದುಡ್ಡು ಬೀಳಲಿಲ್ಲ, ಮೊದಲ ಜೊತೆ ಶೂಗೂ ಬೀಳಲಿಲ್ಲ.

ಪ್ಲಾಸ್ಟರ್ ಹಾಕುವ ಡಾಕ್ಟರ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಕೂಸಿಗೆ ಹಸಿವಾಗುವ ಹೊತ್ತಿಗೇ ಕರೆದುಕೊಂಡು ಬನ್ನಿ ಅಂತ ಮೊದಲೇ ಹೇಳಿದ್ದರು. ನಾನು ಮೇಜಿನ ಪಕ್ಕ ಬಗ್ಗಿ ಹಾಲು ಕೊಡುತ್ತಿದ್ದೆ, ಅವನು ಕುಡಿಯುತ್ತಿದ್ದ, ಅವರು ಪಾದದ ಹೊರಬದಿಯ ಒಂದು ಎಲುಬಿನ ಮೇಲೆ ಹೆಬ್ಬೆರಳು ಊರಿ ಇನ್ನೊಂದು ಕೈಯಿಂದ ಪಾದವನ್ನು ಸ್ವಲ್ಪವೇ ಸ್ವಲ್ಪ ಹೊರಗೆ ತಿರುಗಿಸಿ ಹಾಗೇ ಹಿಡಿದಿರುತ್ತಿದ್ದರು. ಜಗ್ಗುವುದಿಲ್ಲ, ಒತ್ತುವುದಿಲ್ಲ. ಹಾಗೆ ಹಿಡಿದಿದ್ದಾಗಲೇ ನರ್ಸ್ ಹತ್ತಿ ಸುತ್ತಿ, ಬೆರಳಿನಿಂದ ತೊಡೆಯವರೆಗೆ, ಮೊಣಕಾಲು ಮಡಚಿದಂತೆ ಪ್ಲಾಸ್ಟರ್ ಸುತ್ತುತ್ತಿದ್ದರು. ವಾರಕ್ಕೊಮ್ಮೆ ಬಿಚ್ಚಿ ಹೊಸದು. ಪ್ರತಿ ವಾರ ಪಾದ ಇನ್ನಷ್ಟು ಹೊರಗೆ ಬಂದಿರುವುದು ನನ್ನ ಕಣ್ಣಿಗೇ ಕಾಣುತ್ತಿತ್ತು. ಆರು ಪ್ಲಾಸ್ಟರ್ ಆದವು. ಆಮೇಲೆ ಹಿಮ್ಮಡಿಯ ಹಿಂದಿನ ಗಟ್ಟಿ ಸ್ನಾಯುರಜ್ಜುವಿಗೆ (ಟೆಂಡನ್) ಸಣ್ಣ ಕೊಯ್ತ, ಅಲ್ಲಿಗಷ್ಟೇ ಮರಗಟ್ಟಿಸಿ. ನಾನು ಹೊರಗೆ ನಿಂತು ದೇವರನ್ನು ನೆನೆಯುತ್ತಿದ್ದೆ, ನೋಡಿದರೆ ಆಗಲೇ ಮುಗಿದಿತ್ತು. ಕೊನೆಯ ಪ್ಲಾಸ್ಟರ್ ಮೂರು ವಾರ.

ಇದು ನಿನ್ನೆ ಮೊನ್ನೆ ಬಂದ ಪದ್ಧತಿ ಅಲ್ಲ. ಅಮೆರಿಕದ ಅಯೋವಾದಲ್ಲಿ ಇಗ್ನಾಸಿಯೋ ಪೊನ್ಸೆಟಿ ಎಂಬ ಡಾಕ್ಟರ್ 1940ರ ದಶಕದ ಕೊನೆಯಲ್ಲೇ ಶುರು ಮಾಡಿದ್ದರು. ದೊಡ್ಡ ಆಪರೇಷನ್ ಆದ ಪಾದಗಳು ವಯಸ್ಸಾದ ಮೇಲೆ ಬಿಗಿಯಾಗಿ ನೋಯುವುದನ್ನು ನೋಡಿ ಅವರು ಈ ದಾರಿ ಹಿಡಿದದ್ದು. ಅವರಲ್ಲಿ ವಾಸಿಯಾದ ಮಕ್ಕಳು ದೊಡ್ಡವರಾಗಿ ಸರಾಸರಿ 34 ವರ್ಷದವರಾದ ಮೇಲೆ ಮತ್ತೆ ಕರೆಸಿ ಪರೀಕ್ಷೆ ಮಾಡಿದ ಅಧ್ಯಯನ 1995ರಲ್ಲಿ ಬಂತು. 100ರಲ್ಲಿ 78 ಜನರ ಪಾದ ಚೆನ್ನಾಗಿತ್ತು. ಹುಟ್ಟಿನಿಂದ ಪಾದ ಸರಿ ಇದ್ದವರನ್ನು ಅದೇ ಅಳತೆಯಲ್ಲಿ ನೋಡಿದರೆ 85. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬಂತು. ಸಾವಿರ ಕೂಸುಗಳಲ್ಲಿ ಸುಮಾರು ಒಂದಕ್ಕೆ ಹೀಗಿರುತ್ತದೆ, ಗಂಡುಮಕ್ಕಳಲ್ಲಿ ಜಾಸ್ತಿ. ಗ್ರಹಣಕ್ಕೂ ತಾಯಿಗೂ ಸಂಬಂಧವೇ ಇಲ್ಲ, ದಯವಿಟ್ಟು ಯಾವ ಬಾಣಂತಿಗೂ ಆ ಮಾತು ಆಡಬೇಡಿ.

ಈಗ ಶೂ ಬಗ್ಗೆ, ಯಾಕಂದ್ರೆ ಎಲ್ಲರೂ ಸೋಲುವುದು ಇಲ್ಲೇ. ಎರಡು ಶೂ, ನಡುವೆ ಒಂದು ಕಬ್ಬಿಣದ ಪಟ್ಟಿ, ಪಾದ ಹೊರಗೆ ಚಾಚಿಕೊಂಡಿರುವ ಹಾಗೆ. ಬೆರಳಿನ ಕಡೆ ತೆರೆದಿದೆ, ಹಿಮ್ಮಡಿ ಹತ್ತಿರ ಒಂದು ತೂತು. ಆ ತೂತಿನಲ್ಲಿ ಹಿಮ್ಮಡಿ ಕೆಳಗೆ ಕೂತದ್ದು ಕಾಣಿಸಬೇಕು, ಇಲ್ಲದಿದ್ದರೆ ಬಿಚ್ಚಿ ಮತ್ತೆ ಹಾಕಿ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ. ಆಮೇಲೆ ರಾತ್ರಿ ಮತ್ತು ಹಗಲು ಮಲಗಿದಾಗ, ನಾಲ್ಕೈದು ವರ್ಷದವರೆಗೆ. ಮೊದಲ ಮೂರು ರಾತ್ರಿ ಒಂದೇ ಸಮ ಅತ್ತ. ನಾಲ್ಕನೇ ರಾತ್ರಿ ಎರಡೂ ಕಾಲು ಒಟ್ಟಿಗೆ ಎತ್ತಿ ಒದೆಯೋದು ಕಲಿತ, ಅಲ್ಲಿಂದ ಅಳು ನಿಂತಿತು. ಮೇ ತಿಂಗಳಲ್ಲಿ ನಮ್ಮ ಕಡೆಯ ಬಿಸಿಲು ಗೊತ್ತಲ್ವಾ, ರಾತ್ರಿ ಸಾಕ್ಸ್ ಬೆವರಿಗೆ ಒದ್ದೆಯಾಗಿ ಹಿಮ್ಮಡಿ ಕೆಂಪಾಗುತ್ತಿತ್ತು. ತೆಳು ಹತ್ತಿ ಸಾಕ್ಸ್ ಆರು ಜೊತೆ ಇಟ್ಟುಕೊಂಡು ನಡುರಾತ್ರಿ ಬದಲಾಯಿಸಿದೆ. ಪೌಡರ್, ಎಣ್ಣೆ ಏನೂ ಹಚ್ಚಲಿಲ್ಲ.

ಕೊರತೆ ಇಲ್ಲ ಅಂತಲ್ಲ. ಸಾಲು ಉದ್ದ, ಬೆಳಿಗ್ಗೆ ಎಂಟಕ್ಕೆ ಹೋದರೆ ಮಧ್ಯಾಹ್ನ ಎರಡಾಗುತ್ತದೆ, ಕೂಸಿಗೆ ಹಾಲು ಕೊಡಲು ಒಂದು ಪರದೆಯೂ ಇಲ್ಲ. ಶೂ ಸೈಜ್ ಕೆಲವು ಸಲ ಸಿಗುವುದಿಲ್ಲ, ಒಮ್ಮೆ ಎರಡು ವಾರ ಕಾದೆವು. ಶೂ ಇಲ್ಲದ ಎರಡು ವಾರ ಅಂದರೆ ಪಾದ ಮತ್ತೆ ತಿರುಗುವ ಭಯ, ಇದನ್ನು ಆಸ್ಪತ್ರೆಯವರು ಸರಿ ಮಾಡಲೇಬೇಕು.

ನಮ್ಮ ಜೊತೆಗೇ ಪ್ಲಾಸ್ಟರ್ ಹಾಕಿಸಿದ ಜೇವರ್ಗಿ ಕಡೆಯ ಒಂದು ಕೂಸಿಗೆ ತೊಗರಿ ರಾಶಿ ಟೈಮಲ್ಲಿ ಮನೆಯವರು ಶೂ ಬಿಟ್ಟಿದ್ದರು, ಪಾದ ನೆಟ್ಟಗಾಗಿದೆಯಲ್ಲ ಅಂತ. ಮತ್ತೆ ಮೊದಲ ಪ್ಲಾಸ್ಟರಿನಿಂದ ಶುರು. ಆ ತಾಯಿ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದಳು, ನನ್ನ ಮಗ ನಡೆಯೋದನ್ನೇ ನೋಡುತ್ತಿದ್ದಳು. ನಿನ್ನ ಕೂಸೂ ನಡೀತದ ಅಕ್ಕಾ, ಈ ಸಲ ಬಿಡಬ್ಯಾಡ ಅಂತ ಅವಳ ಕೈ ಹಿಡಿದು ಹೇಳಿ ಬಂದೆ.

ಮುಂದಿನ ವಾರ ನಾವು ಮತ್ತೆ ಹೋಗಬೇಕು. ಅವನ ಬೆರಳು ಶೂ ಅಂಚು ದಾಟಿವೆ, ದೊಡ್ಡ ಸೈಜ್ ಬೇಕು.