ನಿಕ್‌ವ್ಯಾಕ್ಸ್ ಡೌನ್ ವಾಶ್: ಒಗೆಯೋದು ಸುಲಭ, ಒಣಗಿಸೋದೇ ನಿಜವಾದ ಕೆಲಸ

ಹೆಬ್ಬಾತಿನ ತುಪ್ಪಳ (ಡೌನ್) ತುಂಬಿದ ಕಂಫರ್ಟರ್‌ಗೆ, ಅಂದರೆ ದಪ್ಪ ಹೊದಿಕೆಗೆ, ದಿನಬಳಕೆಯ ಡಿಟರ್ಜೆಂಟ್ ಹಾಕಬಾರದು. ತುಪ್ಪಳದ ಸಹಜ ಎಣ್ಣೆಯಂಶ ಹೋಗುತ್ತದೆ, ಉಳಿದ ಸೋಪು ಎಳೆಗಳಿಗೆ ಅಂಟಿ ಅವು ಮತ್ತೆ ಅರಳುವುದಿಲ್ಲ. ಸಾಫ್ಟ್‌ನರ್ ಇನ್ನೂ ಕೆಟ್ಟದ್ದು. ಬ್ರಿಟನ್ನಿನ ನಿಕ್‌ವ್ಯಾಕ್ಸ್ ಕಂಪನಿಯ ಡೌನ್ ವಾಶ್ ಡೈರೆಕ್ಟ್ ಈ ಕೆಲಸಕ್ಕೆಂದೇ ಇರುವ ದ್ರವ. ನೊರೆ ಕಡಿಮೆ, ಬೇಗ ಜಾಲಿಸಿಹೋಗುತ್ತದೆ. ನೀರು ತಡೆಯುವ ಗುಣ ಇದರ ದೊಡ್ಡ ಹೆಗ್ಗಳಿಕೆ. ಜಾಕೆಟ್‌ಗೆ ಅದು ಬೇಕು, ಹಾಸಿಗೆಯ ಮೇಲಿನ ಹೊದಿಕೆಗೆ ಅಷ್ಟೇನೂ ಬೇಕಿಲ್ಲ. ಕತ್ತಿನ ಕಡೆಯ ಅಂಚಿನ ಹಳದಿ ಜಿಡ್ಡು ಬರೀ ಮೆಶಿನ್‌ನಲ್ಲಿ ಹೋಗದು. ಆ ಜಾಗದ ತುಪ್ಪಳವನ್ನು ಬೆರಳಿಂದ ಹಿಂದಕ್ಕೆ ತಳ್ಳಿ, ಬಟ್ಟೆಗಷ್ಟೇ ನಾಲ್ಕು ಹನಿ ಹಾಕಿ ಮೆತ್ತನೆ ಬ್ರಶ್‌ನಿಂದ ಉಜ್ಜಿ.

ಮೊದಲು ಹೊಲಿಗೆ ನೋಡಿಕೊಳ್ಳಿ. ಒಂದು ಸಣ್ಣ ತೂತಿದ್ದರೂ ಡ್ರಮ್ ತುಂಬ ತುಪ್ಪಳ. ಮೆಶಿನ್‌ನ ಡ್ರಾಯರ್‌ನಲ್ಲಿ ಹಳೇ ಡಿಟರ್ಜೆಂಟ್ ಉಳಿದಿರುತ್ತದೆ, ಬಿಸಿನೀರಲ್ಲಿ ತೊಳೆಯಿರಿ. ನಡುವೆ ಕಂಬವಿರುವ ಟಾಪ್ ಲೋಡ್ ಬೇಡ, ಒಳಗಿನ ಹೊಲಿಗೆ ಹರಿಯುತ್ತದೆ. 7–8 ಕಿಲೋ ಫ್ರಂಟ್ ಲೋಡ್ ಕೂಡ ಕ್ವೀನ್ ಗಾತ್ರದ (ಇಬ್ಬರು ಮಲಗುವ ಹಾಸಿಗೆಯ) ಕಂಫರ್ಟರ್‌ಗೆ ಇಕ್ಕಟ್ಟು. ಅಮೆರಿಕದಲ್ಲಿರುವವರು ನಾಣ್ಯ ಹಾಕಿ ನಾವೇ ಒಗೆದುಕೊಳ್ಳುವ ಕಾಯಿನ್ ಲಾಂಡ್ರಿಯ ದೊಡ್ಡ ಮೆಶಿನ್ ಹಿಡಿಯುವುದೇ ವಾಸಿ. ಒಳಗಿನ ಗಾಳಿಯನ್ನು ಒತ್ತಿ ತೆಗೆದು ಹಾಕಿ, 30 ಡಿಗ್ರಿ, ಜೆಂಟಲ್, ಎರಡು ಸಲ ರಿನ್ಸ್. ಮೂಲೆಯೊಂದನ್ನು ಹಿಂಡಿದಾಗ ನೊರೆ ಬಂದರೆ ಮೂರನೆಯದೂ ಆಗಲಿ. ಕೊನೆಗೆ ಇನ್ನೊಂದು ಸ್ಪಿನ್ ಕೊಟ್ಟರೆ ಒಣಗುವ ಹೊತ್ತು ಉಳಿಯುತ್ತದೆ. ಹೊರತೆಗೆಯುವಾಗ ತುದಿ ಹಿಡಿದು ಎಳೆಯದೆ, ಕೆಳಗಿಂದ ಎರಡೂ ಕೈ ಕೊಟ್ಟು ಎತ್ತಿ. ನೀರು ಕುಡಿದ ಭಾರಕ್ಕೆ ಹೊಲಿಗೆ ಬಿಡುತ್ತದೆ.

ಈಗ ಡ್ರೈಯರ್. ಶಾಖ ಕಡಿಮೆಯಲ್ಲೇ ಇರಲಿ, ಹೆಚ್ಚಿಟ್ಟರೆ ಹೊರಬಟ್ಟೆ ಒಣಗಿದಂತೆ ಕಂಡು ನಡುವಿನ ಗಂಟುಗಳು ಹಸಿಯಾಗೇ ಉಳಿಯುತ್ತವೆ. ಗಂಟು ಬಿಡಿಸಲು ಜೊತೆಗೆ ಡ್ರೈಯರ್‌ಗೆಂದೇ ಇರುವ ನಾಲ್ಕು ಉಣ್ಣೆಯ ಉಂಡೆ ಹಾಕಿ. ಟೆನಿಸ್ ಚೆಂಡಾದರೆ ಬಿಳಿ ಸಾಕ್ಸ್‌ನಲ್ಲಿ ಕಟ್ಟಿ, ಬಣ್ಣ ಹತ್ತೀತು. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ, ಗಂಟುಗಳನ್ನು ಕೈಯಿಂದ ಬಿಡಿಸಿ, ಮಗ್ಗುಲು ಬದಲಿಸಿ. ಮೂರು ಗಂಟೆಯಾದರೂ ಬೇಕು, ಹೆಚ್ಚೂ ಆಗಬಹುದು. ಬೆಳಕಿಗೆ ಎತ್ತಿ ಹಿಡಿದಾಗ ಕಪ್ಪಗೆ ಕಾಣುವ ಜಾಗ ಇನ್ನೂ ಹಸಿ. ಒದ್ದೆ ಕೋಳಿಗರಿಯ ವಾಸನೆ ಬಂದರೂ ಅಷ್ಟೇ. ಹಾಗೇ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಆಮೇಲೆ ಯಾವ ದ್ರವವೂ ಅದನ್ನು ಬಿಡಿಸಲಾರದು.

ಡ್ರೈಯರ್ ಇಲ್ಲದೆ ಊರಲ್ಲಿ ಟಾರಸಿ ಮೇಲೆ ಒಣಗಿಸುವುದಾದರೆ ಮಾರ್ಚ್–ಏಪ್ರಿಲ್ ಬಿಸಿಲೇ ಸರಿ. ಮಳೆಗಾಲದಲ್ಲಿ ಕೈ ಹಾಕಲೇಬೇಡಿ. ಹಗ್ಗಕ್ಕೆ ತೂಗು ಹಾಕದೆ ಚಾಪೆ ಮೇಲೆ ಹರಡಿ, ಗಂಟೆಗೊಮ್ಮೆ ಗಂಟು ಬಿಡಿಸಿ, ಸಂಜೆ ಒಳಗೆ ತನ್ನಿ. ಮರುದಿನವೂ ಇದೇ ಕೆಲಸ. ಪೂರ್ತಿ ಒಣಗಿದ ಮೇಲೆ ಗಾಳಿಯಾಡುವ ಹತ್ತಿಯ ಚೀಲದಲ್ಲಿಡಿ, ಪ್ಲಾಸ್ಟಿಕ್ ವ್ಯಾಕ್ಯೂಮ್ ಬ್ಯಾಗ್ ಬೇಡ.