ಬಳ್ಳಾರಿಯ ಶೋರನ್ನರ್ ತರಗತಿ: ಬರವಣಿಗೆ ಗಟ್ಟಿ, ಲೆಕ್ಕ ಸಡಿಲು

ನಾಟಕದವರಿಗೂ ಸಂಭಾಷಣೆ ಬರೆಯುವವರಿಗೂ ಬಳ್ಳಾರಿಯಲ್ಲಿ ನಡೆಯುವ ಈ ವಾರಾಂತ್ಯದ ತರಗತಿ ಕಂಪನಿ ನಾಟಕದ ಮಾಲೀಕರ ಉದಾಹರಣೆಯಿಂದ ಶುರುವಾಗುತ್ತದೆ. ಯಾವ ನಾಟಕ, ಯಾರಿಗೆ ಯಾವ ಪಾತ್ರ, ಯಾವ ಹಾಡಿಗೆ ಕತ್ತರಿ, ನಿನ್ನೆಯ ಕಲೆಕ್ಷನ್‌ನಲ್ಲಿ ಹೊಸ ಪರದೆ ಬರೆಸಬಹುದೇ, ಎಲ್ಲವೂ ಒಬ್ಬರ ತಲೆಯಲ್ಲಿ. ಟಿವಿ ಸರಣಿಯ ಕಥೆಯಿಂದ ಖರ್ಚಿನವರೆಗೆ ಹೊಣೆ ಹೊರುವ ಶೋರನ್ನರ್ ಎಂದರೆ ಹೆಚ್ಚುಕಡಿಮೆ ಅದೇ. ರಂಗನಟ ಬಳ್ಳಾರಿ ರಾಘವರ ಊರಲ್ಲಿ ಈ ಹೋಲಿಕೆ ತಕ್ಷಣ ತಲೆಗೆ ಹೋಗುತ್ತದೆ.

ಅಮೆರಿಕದ ಸರಣಿಗಳಲ್ಲಿ ನಿರ್ದೇಶಕರು ಕಂತಿನಿಂದ ಕಂತಿಗೆ ಬದಲಾಗುವುದು ಸಾಮಾನ್ಯ, ಕೊನೆತನಕ ನಿಲ್ಲುವವರು ಬರಹಗಾರ-ನಿರ್ಮಾಪಕರು. ಟೈಟಲ್‌ನಲ್ಲಿ ಅವರು ಸಾಮಾನ್ಯವಾಗಿ 'ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್'. 2007ರ ನವೆಂಬರ್‌ನಲ್ಲಿ ಬರಹಗಾರರು ಮುಷ್ಕರ ಹೂಡಿದಾಗ, ಸ್ಕ್ರಿಪ್ಟ್ ಕೈಯಲ್ಲಿದ್ದರೂ ಹಲವು ಚಿತ್ರೀಕರಣ ಬೇಗ ನಿಂತದ್ದು ಇವರು ಎದ್ದುಹೋದದ್ದಕ್ಕೆ. ನಮ್ಮಲ್ಲಿ ಇದೇ ಕೆಲಸ ಪ್ರಧಾನ ನಿರ್ದೇಶಕರು, ಚಿತ್ರಕಥೆಗಾರರು, ಚಾನೆಲ್‌ನ ಫಿಕ್ಷನ್ ವಿಭಾಗ ಎಂದು ಮೂರು ಪಾಲಾಗಿದೆ. ಹಾಗಾಗಿಯೇ ಸೋಮವಾರ ಗಯ್ಯಾಳಿಯಾಗಿದ್ದ ಅತ್ತೆ ಗುರುವಾರ ಗೋವಿನಂತಾಗುತ್ತಾಳೆ.

ತರಗತಿಯ ಜೀವ ಇರುವುದು ಅಭ್ಯಾಸಗಳಲ್ಲಿ. ಅರ್ಧ ಗಂಟೆಯ ಸ್ಲಾಟ್, ಜಾಹೀರಾತು ಕಳೆದು ಸುಮಾರು 22 ನಿಮಿಷ. ಮೂರು ಕಂತು ಬ್ಯಾಂಕಿಂಗ್‌ನಲ್ಲಿವೆ, ಅಂದರೆ ಮುಂಚಿತವಾಗಿ ಸಿದ್ಧವಾಗಿವೆ; ನಾಯಕಿ ಚಿತ್ರೀಕರಣಕ್ಕೆ ಕೊಟ್ಟ ಡೇಟ್ ಎರಡು ದಿನ ಕೈಕೊಟ್ಟಿತು. ಏನು ಮಾಡುತ್ತೀರಿ? ಹೆಚ್ಚಿನವರು ಆಕೆಯನ್ನು ಫೋನ್‌ನಲ್ಲಿ ಮಾತಾಡಿಸುತ್ತಾರೆ. ಅದು ಸೋಮಾರಿ ದಾರಿ. ಮುಂದಿನ ವಾರದ ಒನ್‌ಲೈನ್‌ನಿಂದ (ದೃಶ್ಯಗಳ ಸಂಕ್ಷಿಪ್ತ ಪಟ್ಟಿ) ಉಪಕಥೆಯ ದೃಶ್ಯಗಳನ್ನು ಮುಂದಕ್ಕೆ ಎಳೆದು, ಅವಳಿಲ್ಲದ್ದೇ ಮನೆಯವರ ಜಗಳಕ್ಕೆ ಕಾರಣವಾಗುವಂತೆ ಹೆಣೆಯಬೇಕು. ಸೀರೆ, ಗಾಯದ ಗುರುತು, ಗೋಡೆಯ ಕ್ಯಾಲೆಂಡರ್, ಇವುಗಳ ಕಂಟಿನ್ಯುಯಿಟಿ (ದೃಶ್ಯದಿಂದ ದೃಶ್ಯಕ್ಕೆ ಹೊಂದಾಣಿಕೆ) ಆಗಲೇ ತಪ್ಪುವುದರಿಂದ ಬದಲಾದ ಪುಟಗಳಿಗೆ ಬೇರೆ ಬಣ್ಣದ ಹಾಳೆ ಬಳಸಿ, ದಿನಾಂಕ ಹಾಕಿ ಹಂಚಲು ಕಲಿಸುತ್ತಾರೆ. ಎಡಿಟಿಂಗ್ ಪಾಠವೂ ಚೆನ್ನ: 26 ನಿಮಿಷದ ಮೊದಲ ಕಟ್‌ನಿಂದ 4 ನಿಮಿಷ ತೆಗೆಯಬೇಕು, ಮುಂದಿನ ಕಂತಿಗೆ ಕಾಯಿಸುವ ಕೊನೆಯ ಕೊಕ್ಕೆ ಮಾತ್ರ ಮುಟ್ಟುವಂತಿಲ್ಲ.

ಸೋಲುವುದು ಬಜೆಟ್‌ನಲ್ಲಿ. ಮಳೆಯ ರಾತ್ರಿ ದೃಶ್ಯ ಬರೆದವರಿಗೆ ಟ್ಯಾಂಕರ್, ಜನರೇಟರ್, ಹೆಚ್ಚುವರಿ ಲೈಟ್, ಕಾಲ್‌ಶೀಟ್‌ನ ನಿಗದಿತ ಕೆಲಸದ ಸಮಯ ದಾಟಿದರೆ ಕೊಡಬೇಕಾದ ಹಣ, ಇದೆಲ್ಲ ಹಾಳೆಯ ಮೇಲೆ ಬರೆಸಬೇಕಿತ್ತು. ಒಂದು ಗಂಟೆಯ ಉಪನ್ಯಾಸದಲ್ಲಿ ಮುಗಿಸಿಬಿಡುತ್ತಾರೆ. ಧ್ವನಿ ಮಿಶ್ರಣದ ಸುದ್ದಿಯೇ ಇಲ್ಲ.

ಬರೆದು ಅಭ್ಯಾಸವಿದ್ದವರು ಧಾರಾಳವಾಗಿ ಸೇರಬಹುದು. ಪ್ರೊಡಕ್ಷನ್ ಮ್ಯಾನೇಜರ್ ಆಗಬೇಕೆಂದಿರುವವರಿಗೆ ಇದು ಬೇಡ. ಹೋಗುವಾಗ ಸ್ವಂತದ ಹತ್ತು ಕಂತುಗಳ ಒನ್‌ಲೈನ್ ಜೊತೆಗಿರಲಿ, ಅಭ್ಯಾಸಗಳೆಲ್ಲ ಅದರ ಮೇಲೆಯೇ. ಏಪ್ರಿಲ್-ಮೇ ಬ್ಯಾಚಾದರೆ ನೀರಿನ ಬಾಟಲಿಯೂ.