ತಾರಸಿ ಸೋಲಾರ್: ಪ್ಯಾನೆಲ್ ಚೆನ್ನಾಗಿದೆ, ಮೀಟರ್‌ಗೆ ಕಾದು ಸಾಕಾಯಿತು

ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆಯಲ್ಲಿ ನಮ್ಮ ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೇವೆ. ಹಾಕಿಸಬಹುದಾ ಅಂತ ಕೇಳಿದರೆ, ಖಂಡಿತ ಹಾಕಿಸಿ. ಆದರೆ ಮೀಟರ್ ವಿಷಯ ಮೊದಲೇ ಗಟ್ಟಿ ಮಾಡಿಕೊಳ್ಳಿ.

ಪ್ಯಾನೆಲ್ ಬಗ್ಗೆ ಏನೂ ದೂರಿಲ್ಲ. ಒಳ್ಳೆ ಬಿಸಿಲಿದ್ದ ದಿನ 12 ಯೂನಿಟ್ ಆಸುಪಾಸು ಬರುತ್ತದೆ. ಕೆಲಸಕ್ಕೆ ಬಂದ ಹುಡುಗರು ನೀರಿನ ಟ್ಯಾಂಕಿನ ನೆರಳು ಸಂಜೆ ಎಲ್ಲಿವರೆಗೆ ಚಾಚುತ್ತದೆ ಅಂತ ನೋಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಸ್ಟ್ಯಾಂಡನ್ನು ಅದರಾಚೆ ಕೂರಿಸಿದರು. ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಕರೆಂಟ್ ಕಡಿಮೆಯಾಗಬಹುದು. ಅಷ್ಟು ಅಚ್ಚುಕಟ್ಟು ಕೆಲಸ.

ತೊಂದರೆ ಶುರುವಾಗಿದ್ದು ಆಮೇಲೆ. ನೆಟ್ ಮೀಟರ್, ಅಂದರೆ ನಾವು ಲೈನಿಗೆ ಕೊಟ್ಟ ಕರೆಂಟು, ಲೈನಿನಿಂದ ತಗೊಂಡ ಕರೆಂಟು ಎರಡನ್ನೂ ಅಳೆಯುವ ಮೀಟರ್, ಕೂರುವವರೆಗೆ ಚಾಲು ಮಾಡುವ ಹಾಗಿಲ್ಲ. ವಿದ್ಯುತ್ ಕಚೇರಿಗೆ ಹೋದರೆ ಒಂದು ಸಲ ಸ್ಟಾಕ್ ಇಲ್ಲ, ಇನ್ನೊಂದು ಸಲ ಟೆಸ್ಟಿಂಗ್ ಆಗಿಲ್ಲ. ಏಪ್ರಿಲ್ ಬಿಸಿಲೆಲ್ಲ ಸುಮ್ನೆ ಹೋಯಿತು. 78,000 ರೂಪಾಯಿ ಸಬ್ಸಿಡಿ ಬರುವುದೂ ಮೀಟರ್ ಆದ ಮೇಲೆಯೇ. ಸಾಲದ ಕಂತು ಮಾತ್ರ ಆಗಲೇ ಶುರುವಾಗಿತ್ತು. ಹೊಟ್ಟೆ ಉರಿಯಿತು.

ಸೋಲಾರ್ ಬಗ್ಗೆ ದೇಶ ಇಟ್ಟುಕೊಂಡ ಗುರಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ನನಗೆ ಕಂಡಿದ್ದು ಆ ಕಚೇರಿಯ ಬೆಂಚಿನ ಮೇಲೆ. 2022ರೊಳಗೆ ತಾರಸಿಗಳಿಂದಲೇ 40 ಗಿಗಾವ್ಯಾಟ್ ಅಂತ ಗುರಿ ಇತ್ತು. ಅದರ ಹತ್ತಿರಕ್ಕೂ ಹೋಗಲಿಲ್ಲ. 2030ಕ್ಕೆ ಇಟ್ಟುಕೊಂಡಿದ್ದ ಇನ್ನೊಂದು ಗುರಿ, ಅಂದರೆ ದೇಶದ ಒಟ್ಟು ವಿದ್ಯುತ್ ತಯಾರಿಸುವ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು, ಗ್ಯಾಸ್ ಬಿಟ್ಟು ಬೇರೆಯದಾಗಬೇಕು ಅನ್ನುವುದು, 2025ರಲ್ಲೇ ಮುಟ್ಟಿತು. ಅದು ನಿಜಕ್ಕೂ ಹೆಮ್ಮೆಯ ವಿಷಯ. ಆದರೆ ದಿನವೂ ತಯಾರಾಗುವ ಕರೆಂಟಿನಲ್ಲಿ ಜಾಸ್ತಿ ಪಾಲು ಈಗಲೂ ಕಲ್ಲಿದ್ದಲಿನದೇ. ರಾತ್ರಿಗೆ ಬ್ಯಾಟರಿ ಸಾಲದು. ರಾಜಸ್ಥಾನದ ಸೋಲಾರ್ ಕರೆಂಟ್ ಸಾಗಿಸಲು ಲೈನ್ ಸಾಲದು.

ಪಕ್ಕದ ಮನೆಯ ಅಕ್ಕ ಕೇಳಿದ್ದು ಇನ್ನೊಂದು. "ಗೃಹಜ್ಯೋತಿಯಲ್ಲಿ ನಮಗೆ ಬಿಲ್ಲೇ ಬರಲ್ಲ, ದುಡ್ಡು ಹಾಕಿ ಸೋಲಾರ್ ಯಾಕೆ?" ಅವರ ಲೆಕ್ಕ ಸರಿಯಾಗಿಯೇ ಇದೆ ಅಲ್ವಾ? 200 ಯೂನಿಟ್ ಒಳಗೆ ಬಳಸುವ ಮನೆಗೆ ಸೋಲಾರ್ ಕೂಡ ಲಾಭ ಅನ್ನಿಸುವಂತೆ ಸರ್ಕಾರಗಳು ದಾರಿ ಮಾಡಬೇಕು.

ನೀವು ಹಾಕಿಸುವುದಾದರೆ ಮೀಟರ್ ಓಡಾಟ ಯಾರದು ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಸೋಲಾರ್ ಹಾಕಿದವರಿಗೆ ಕೊನೆಯ ಕಂತು ಮೀಟರ್ ಕೂತ ಮೇಲೆ ಕೊಡಿ. ಬ್ಯಾಟರಿ ಇಲ್ಲದ ಸಿಸ್ಟಂ ಆದರೆ ಕರೆಂಟ್ ಹೋದಾಗ ಇದೂ ನಿಲ್ಲುತ್ತದೆ, ಗೊತ್ತಿರಲಿ. ಪ್ಯಾನೆಲ್‌ಗೆ, ಹುಡುಗರ ಕೆಲಸಕ್ಕೆ 5ಕ್ಕೆ 5. ಮೀಟರ್ ವ್ಯವಸ್ಥೆಗೆ 2.